ತಟ್ಟೆಯಾಚೆಗಿನ ಚಿತ್ರ: ನಮ್ಮ ಖಾನಾವಳಿಗಳು ಮತ್ತು ಛಾಯಾಚಿತ್ರ

ಕಳೆದ ಶ್ರಾವಣದಲ್ಲಿ ಕೆಲಸದ ನಿಮಿತ್ತ ಅಗರಖೇಡದಿಂದ ವಿಜಯಪುರಕ್ಕೆ ಹೋಗಿದ್ದೆ. ಮಧ್ಯಾಹ್ನ ಮೊಮ್ಮಗನೊಡನೆ ಒಂದು ಖಾನಾವಳಿಯನ್ನು ಹೊಕ್ಕೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳಿನ ಪುಡಿ, ಕೆನೆಮೊಸರು ಎಲ್ಲವೂ ಬಂದವು. ನಾನು ರೊಟ್ಟಿ ಮುರಿಯಲು ಕೈ ಚಾಚಿದರೆ ಹುಡುಗ ತಡೆದು ಮೊಬೈಲ್ ಹೊರತೆಗೆದ. ತಟ್ಟೆಯ ನೆತ್ತಿಯ ಮೇಲೆ ಅದನ್ನು ಹಿಡಿದು ನಾಲ್ಕಾರು ಚಿತ್ರ ತೆಗೆದ. ಅಷ್ಟರಲ್ಲಿ ರೊಟ್ಟಿ ತಣ್ಣಗಾಯಿತು. ಆದರೆ ಅವನ ಮುಖದಲ್ಲಿ ತೃಪ್ತಿಯಿರಲಿಲ್ಲ. “ಅಜ್ಜಾ, ಊಟ ಬಂತು, ಆದರ ಈ ಜಾಗಾ ಬರಲಿಲ್ಲ. ಇದನ್ನ ಮನ್ಯಾಗ ತೆಗೆದೀನಿ ಅಂದ್ರೂ ನಂಬತಾರ” ಎಂದ. ಹದಿನೈದರ ಹುಡುಗನ ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಅವನ ಅತೃಪ್ತಿಗೆ ಒಂದು ದೀರ್ಘ ಇತಿಹಾಸವೇ ಇದೆಯೆಂದು ತೋರಿತು.

ವಿಜಯಪುರವು ಭಾರತದಲ್ಲಿ ಬಹು ಮೊದಲೇ ಕ್ಯಾಮೆರಾದ ಕಣ್ಣಿಗೆ ಬಿದ್ದ ನಗರಗಳಲ್ಲೊಂದು. ಮುಂಬಯಿ ಸರಕಾರ 1855ರಲ್ಲಿ ಸೈನ್ಯಾಧಿಕಾರಿ ಥಾಮಸ್ ಬಿಗ್ಸ್ ಅವರನ್ನು ಪ್ರಾಚೀನ ಕಟ್ಟಡಗಳ ಛಾಯಾಚಿತ್ರ ತೆಗೆಯಲು ನೇಮಿಸಿತು. ಅವರು ವಿಜಯಪುರ, ಬಾದಾಮಿ, ಐಹೊಳೆಗಳ ಚಿತ್ರಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದರು. ಬಿಗ್ಸ್ ಮತ್ತು ಮೇಜರ್ ಲಾಕ್ ಅವರ ಛಾಯಾಚಿತ್ರಗಳು, ಮೆಡೋಸ್ ಟೇಲರ್ ಅವರ ಚಾರಿತ್ರಿಕ ನಿರೂಪಣೆ ಮತ್ತು ಜೇಮ್ಸ್ ಫರ್ಗ್ಯುಸನ್ ಅವರ ವಾಸ್ತು ಟಿಪ್ಪಣಿಗಳೊಂದಿಗೆ ದೊಡ್ಡ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಗೋಳಗುಮ್ಮಟ, ಇಬ್ರಾಹಿಂ ರೋಜಾಗಳು ಅಲ್ಲಿ ಗಂಭೀರವಾಗಿ ನಿಂತಿವೆ. ಆದರೆ ಆ ಕಾಲದ ಚಿತ್ರಗಳಲ್ಲಿ ಜನಜೀವನ ತೀರ ವಿರಳ. ಇದಕ್ಕೆ ಅಧಿಕಾರಿಗಳ ಅಭಿರುಚಿಯೊಂದೇ ಕಾರಣವಲ್ಲ. ಕಾಗದದ ನೆಗೆಟಿವ್‌ಗೆ ಬೆಳಕು ನಿಮಿಷಗಟ್ಟಲೆ ಬೀಳಬೇಕಿತ್ತು. ಕಲ್ಲು ಅಲುಗದೆ ನಿಲ್ಲಬಲ್ಲದು. ರೊಟ್ಟಿ ಬಡಿಯುವ ಕೈ ನಿಲ್ಲಲಾರದು.

ಕ್ಯಾಮೆರಾ ಬರುವ ಮುನ್ನ ಅಡುಗೆಯನ್ನು ದಾಖಲಿಸುವ ಪರಂಪರೆ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಭಕ್ಷ್ಯಗಳ ವಿವರಗಳಿವೆ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿಯೇ ‘ಸೂಪಶಾಸ್ತ್ರ’ವನ್ನು ಬರೆದ. ಸುಮಾರು 1500ರ ಹೊತ್ತಿಗೆ ಮಾಳ್ವದ ಮಾಂಡು ನಗರದಲ್ಲಿ ಸಿದ್ಧವಾದ ‘ನಿಮತ್‌ನಾಮಾ’ ಎಂಬ ಪಾಕಗ್ರಂಥ ಇಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಅದರ ಬಣ್ಣದ ಚಿತ್ರಗಳಲ್ಲಿ ತಿನಿಸು ಮಾತ್ರವಲ್ಲ, ಒಲೆ, ಪಾತ್ರೆ, ಬಡಿಸುವವರು, ನೋಡುತ್ತ ಕುಳಿತ ಸುಲ್ತಾನ ಎಲ್ಲರೂ ಇದ್ದಾರೆ. ಅಂದರೆ ಊಟದ ಜೊತೆಗೆ ಊಟದ ಸನ್ನಿವೇಶವನ್ನೂ ಹಿಡಿಯಬೇಕೆಂಬ ಅರಿವು ಆ ಕುಂಚಗಾರರಿಗಿತ್ತು. ಆದರೆ ಅದು ಅರಸನ ಅಡುಗೆಮನೆ. ಜನಸಾಮಾನ್ಯನ ಊಟದ ಮನೆಗೆ ಕುಂಚವೂ ಬರಲಿಲ್ಲ, ಬಹುಕಾಲ ಕ್ಯಾಮೆರಾವೂ ಬರಲಿಲ್ಲ.

ಫ್ರಾನ್ಸಿನಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ನೀಪ್ಸ್ ತೆಗೆದನೆನ್ನಲಾದ ಊಟದ ಮೇಜಿನ ಚಿತ್ರವೊಂದಿದೆ. ಬಟ್ಟೆ ಹಾಸಿದ ಮೇಜಿನ ಮೇಲೆ ಸೀಸೆ, ಲೋಟ, ಚಾಕು, ರೊಟ್ಟಿ. ಉಣ್ಣುವವನಿಲ್ಲ. ಮೂಲಪ್ರತಿ ನಾಶವಾಗಿ ಅಚ್ಚಿನ ನಕಲು ಮಾತ್ರ ಉಳಿದಿದೆ. ದಕ್ಷಿಣ ಭಾರತದಲ್ಲಿ ಅನ್ನಕ್ಕೆ ಸಂಬಂಧಿಸಿದಂತೆ ಪ್ರಸಿದ್ಧವಾದ ಹಳೆಯ ಛಾಯಾಚಿತ್ರಗಳಾದರೋ ಅನ್ನವಿಲ್ಲದವರವು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮದ್ರಾಸಿನ ಸೈನ್ಯಾಧಿಕಾರಿ ಹೂಪರ್ ಎಲುಬಿನ ಹಂದರದಂತಿದ್ದ ಸಂತ್ರಸ್ತರನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆದರು. ಚಿತ್ರ ತೆಗೆದರೇ ಹೊರತು ನೆರವು ನೀಡಲಿಲ್ಲವೆಂದು ತೀವ್ರ ಟೀಕೆಗೆ ಗುರಿಯಾದರು. ಅಂದು ಕಲಾದಗಿ ಜಿಲ್ಲೆಯೆನಿಸಿದ್ದ ನಮ್ಮ ಈ ಸೀಮೆಯೂ ಆ ಕ್ಷಾಮದಲ್ಲಿ ನಲುಗಿತ್ತು. ಊಟದ ಎದುರು ಕ್ಯಾಮೆರಾ ಎತ್ತಿದಾಗಲೆಲ್ಲ ಈ ಸಂಗತಿ ನೆನಪಿನಲ್ಲಿರಲಿ. ಎದುರಿರುವವರು ಮನುಷ್ಯರು, ಕೇವಲ ದೃಶ್ಯವಲ್ಲ.

ಇನ್ನು ಖಾನಾವಳಿಯ ವಿಚಾರ. 1884ರಲ್ಲಿ ಹೋಟಗಿ–ಗದಗ ರೈಲುಮಾರ್ಗ ತೆರೆಯಿತು. ಮರುವರ್ಷ ಜಿಲ್ಲೆಯ ಆಡಳಿತ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂದಿತು. ಕಚೇರಿ, ಕೋರ್ಟು, ಸಂತೆ, ಶಾಲೆಗಳಿರುವ ಊರಿಗೆ ಹಳ್ಳಿಯವರು ಬಂದೇ ಬರಬೇಕು, ಬಂದವರು ಉಣ್ಣಲೇಬೇಕು. ಮನೆಯ ಅಡುಗೆಯನ್ನೇ ಹಣಕ್ಕೆ ಬಡಿಸುವ ಖಾನಾವಳಿಗಳಿಗೆ ಇಂಥ ಊರುಗಳೇ ನೆಲೆಯಾದವು. ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ ಎಂದು ಫಲಕಗಳಲ್ಲಿಯೇ ಸಮುದಾಯದ ಹೆಸರು ಕಾಣುವುದನ್ನು ಓದುಗರು ಬಲ್ಲರು. ರುಚಿಯ ಗುರುತಾಗಿದ್ದ ಆ ಹೆಸರು ಒಳಗೆ ಬರುವವರ ಎಲ್ಲೆಯೂ ಆಗಿದ್ದ ಕಾಲವಿತ್ತೆಂಬುದನ್ನು ಮರೆಮಾಚಬಾರದು. ಉಪಾಹಾರಗೃಹಗಳ ಪ್ರವೇಶಕ್ಕೆ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಸಾರಿತು. ಆದರೂ ಹಳ್ಳಿಯ ಚಹಾದಂಗಡಿಯ ಹೊರಗೋಡೆಯ ಗೂಡಿನಲ್ಲಿ ಕೆಲವರಿಗಾಗಿ ಬೇರೆ ಬಟ್ಟಲು ಇಟ್ಟಿದ್ದುದನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಚಹಾದ ಚಿತ್ರ ತೆಗೆದರೆ ಅದು ಕಾಣದು. ಅಂಗಡಿಯ ಚಿತ್ರ ತೆಗೆದಿದ್ದರೆ ಕಾಣುತ್ತಿತ್ತು. ವಾತಾವರಣವನ್ನು ಸೆರೆಹಿಡಿಯುವುದೆಂದರೆ ಅಂದಚಂದವನ್ನು ಮಾತ್ರ ಹಿಡಿಯುವುದಲ್ಲ ಎನ್ನಲು ಇದಕ್ಕಿಂತ ಬೇರೆ ನಿದರ್ಶನ ಬೇಡ.

ನಾನು 1981ರಲ್ಲಿ ವಿಜಯಪುರದಲ್ಲಿ ಬಿ.ಇಡಿ. ಓದುತ್ತಿದ್ದಾಗ ತಿಂಗಳ ಲೆಕ್ಕದಲ್ಲಿ ಒಂದು ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಮಣ್ಣಿನ ಮಾಳಿಗೆಯ ಮನೆ, ನಾಲ್ಕು ಮಣೆ, ಮೂಲೆಯಲ್ಲಿ ಒಲೆ. ಬಡಿಸುತ್ತಿದ್ದಾಕೆಯನ್ನು ನಾವೆಲ್ಲ ‘ಅವ್ವ’ ಎನ್ನುತ್ತಿದ್ದೆವು. ತಿಂಗಳ ಹಣ ತಡವಾದರೆ ಆಕೆ ಕೇಳುತ್ತಿರಲಿಲ್ಲ, ಜ್ವರ ಬಂದರೆ ಗಂಜಿ ಕಾಯಿಸಿ ಕೊಡುತ್ತಿದ್ದಳು. ಪರೀಕ್ಷೆ ಮುಗಿದ ದಿನ ಸಹಪಾಠಿಯೊಬ್ಬ ಆಗ್ಫಾ ಕ್ಲಿಕ್ 3 ಕ್ಯಾಮೆರಾ ತಂದ. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ನಾಭಿಯನ್ನು ಹೊಂದಿಸುವ ಸೌಲಭ್ಯ ಅದರಲ್ಲಿರಲಿಲ್ಲ, ಆದ್ದರಿಂದ ಹತ್ತಡಿ ದೂರ ನಿಂತೇ ತೆಗೆಯಬೇಕು. ಹೀಗಾಗಿ ತಟ್ಟೆಯ ಹತ್ತಿರ ಹೋಗುವ ಮಾತೇ ಇರಲಿಲ್ಲ. ಅವನು ಬಾಗಿಲಲ್ಲಿ ನಿಂತು, ನಮ್ಮ ಸಾಲನ್ನು ಉದ್ದೇಶಿಸಿ ಗುಂಡಿ ಒತ್ತಿದ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಕೋಲೊಂದು ಇಳಿದಿತ್ತು.

ಆ ಚಿತ್ರ ಇಂದಿಗೂ ನನ್ನ ಬಳಿ ಇದೆ. ತಟ್ಟೆಯಲ್ಲೇನಿತ್ತೆಂದು ತಿಳಿಯುವುದಿಲ್ಲ. ನಮ್ಮ ಮುಖಗಳು ಕಪ್ಪಾಗಿವೆ. ಆದರೆ ಬಿಸಿಲು ಬಿದ್ದ ಕಡೆ ಹೊಗೆಯ ಎಳೆ, ಗೋಡೆಯ ಕ್ಯಾಲೆಂಡರ್, ಹಂಡೆಯ ಬಾಯಿ, ಒಲೆಯ ಮುಂದೆ ಕುಳಿತ ಅವ್ವನ ಅರ್ಧ ಮುಖ, ಅಲುಗಿ ಮಸುಕಾದ ಕೈ ಇವೆಲ್ಲ ಉಳಿದಿವೆ. ಯಂತ್ರದ ದೌರ್ಬಲ್ಯವೇ ನಮಗೆ ಉಪಕಾರ ಮಾಡಿತು.

ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಗಾಂಧಿಬಜಾರಿನ ವಿದ್ಯಾರ್ಥಿ ಭವನವನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. ಅಲ್ಲಿನ ಬೆಣ್ಣೆಯ ದೋಸೆಗಿಂತ ಹೆಚ್ಚು ನೆನಪಿನಲ್ಲಿ ನಿಲ್ಲುವುದು, ಒಂದೇ ತೋಳಿನ ಮೇಲೆ ಹತ್ತಾರು ತಟ್ಟೆಗಳನ್ನು ಪೇರಿಸಿಕೊಂಡು ಬರುವ ಮಾಣಿಯ ನಡಿಗೆ ಮತ್ತು ಗೋಡೆಯ ಮೇಲಿನ ಕನ್ನಡ ಸಾಹಿತಿಗಳ ರೇಖಾಚಿತ್ರಗಳು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ನಾಡಿನ ಹೆಸರಾಂತ ಪತ್ರಿಕಾ ಛಾಯಾಗ್ರಾಹಕರಾದದ್ದೂ ಸಾಮಾನ್ಯ ಜನರ ದಿನನಿತ್ಯದ ಬದುಕಿನತ್ತ ಕ್ಯಾಮೆರಾ ತಿರುಗಿಸಿದ್ದರಿಂದಲೇ.

ಮೊಮ್ಮಗನಿಗೆ ನಾನು ಹೇಳಿದ್ದು ಇಷ್ಟು. ಹೋದೊಡನೆ ಕ್ಯಾಮೆರಾ ತೆಗೆಯಬೇಡ, ಒಂದು ರೊಟ್ಟಿ ಮುಗಿಯುವ ತನಕ ನೋಡು. ಬೆಳಕು ಎಲ್ಲಿಂದ ಬರುತ್ತಿದೆಯೆಂದು ಗಮನಿಸಿ ಕಿಟಕಿಯ ಅಥವಾ ಬಾಗಿಲ ಪಕ್ಕದಲ್ಲಿ ಕುಳಿತುಕೋ. ಫ್ಲ್ಯಾಶ್ ಹಾಕಿದರೆ ತಟ್ಟೆ ಬೆಳಗುತ್ತದೆ, ಕೋಣೆ ಕತ್ತಲಾಗುತ್ತದೆ, ಉಣ್ಣುವವರಿಗೆ ಕಿರಿಕಿರಿಯಾಗುತ್ತದೆ. ಹಬೆ ಕಾಣಬೇಕಾದರೆ ಬೆಳಕು ಅದರ ಹಿಂಬದಿಯಿಂದ ಬರಬೇಕು, ಅದರ ಹಿಂದೆ ಕಪ್ಪು ಗೋಡೆಯಿರಬೇಕು. ನೆತ್ತಿಯಿಂದ ತೆಗೆಯುವ ಬದಲು ಕುಳಿತವನ ಕಣ್ಣಿನ ಎತ್ತರದಿಂದ ತೆಗೆ. ತಟ್ಟೆ ಚೌಕಟ್ಟಿನ ಕೆಳಮೂಲೆಯಲ್ಲಿರಲಿ, ಉಳಿದ ಜಾಗವನ್ನು ಪಂಕ್ತಿಗೆ, ಒಲೆಗೆ, ಗೋಡೆಗೆ ಬಿಟ್ಟುಕೊಡು. ಎಲ್ಲಕ್ಕಿಂತ ಮೊದಲು, ಯಾರ ಮುಖ ಬರುವುದೋ ಅವರನ್ನು ಕೇಳು. ಬೇಡವೆಂದರೆ ಕೈಬಿಡು.

ಕೊನೆಯ ಮಾತನ್ನು ಸಂಕೋಚದಿಂದ ಬರೆಯುತ್ತಿದ್ದೇನೆ. ನಾಲ್ಕು ವರ್ಷಗಳ ಹಿಂದೆ ಆ ಅವ್ವನ ಮೊಮ್ಮಗ ವಿಚಾರಿಸುತ್ತ ವಿಚಾರಿಸುತ್ತ ನಮ್ಮ ಮನೆಗೆ ಬಂದಿದ್ದ. ಖಾನಾವಳಿ ಎಂದೋ ಮುಚ್ಚಿತ್ತು, ಅವ್ವ ತೀರಿಹೋಗಿ ವರ್ಷಗಳಾಗಿದ್ದವು. ಮನೆಯಲ್ಲಿ ಆಕೆಯ ಒಂದು ಭಾವಚಿತ್ರವೂ ಇಲ್ಲ, ನಿಮ್ಮಲ್ಲಿ ಇದೆಯಂತೆ ಎಂದು ಕೇಳಿದ. ನಾನು ಚಿತ್ರವನ್ನು ಅವನ ಕೈಗಿತ್ತೆ. ಆತ ಆ ಅರ್ಧ ಮುಖವನ್ನು ಬಹಳ ಹೊತ್ತು ನೋಡಿದ. ಬಳಿಕ ಚಿತ್ರವನ್ನು ತಿರುಗಿಸಿದ. ಹಿಂಬದಿಯಲ್ಲಿ ನನ್ನ ಕೈಬರಹದಲ್ಲಿ ಏಳು ಮಂದಿ ಸಹಪಾಠಿಗಳ ಹೆಸರು, ದಿನಾಂಕ, ಊರು ಎಲ್ಲ ಇದ್ದವು. ಅವ್ವನ ಹೆಸರಿರಲಿಲ್ಲ. ಒಂದು ವರ್ಷ ಆಕೆಯ ಕೈಯೂಟ ಉಂಡ ನನಗೆ ಆಕೆಯ ಹೆಸರೇ ಗೊತ್ತಿರಲಿಲ್ಲ. ಮೂರು ದಶಕಗಳಿಗೂ ಮೀರಿ ಮಕ್ಕಳಿಗೆ ಆದಿಲಶಾಹಿ ಸುಲ್ತಾನರ ಹೆಸರುಗಳನ್ನು ಕ್ರಮವಾಗಿ ಬಾಯಿಪಾಠ ಮಾಡಿಸಿದ ಮಾಸ್ತರ ನಾನು. ಆತನ ಮುಂದೆ ತಲೆ ಎತ್ತಲಾಗಲಿಲ್ಲ. ಆತ ಏನೂ ಅನ್ನಲಿಲ್ಲ. ಮೊಬೈಲಿನಲ್ಲಿ ಆ ಚಿತ್ರದ ಚಿತ್ರ ತೆಗೆದುಕೊಂಡು, ಚಹಾ ಕುಡಿದು ಹೊರಟ. ಹೊರಡುವ ಮುನ್ನ ಕೇಳಿ ತಿಳಿದುಕೊಂಡೆ. ಈಗ ಆ ಚಿತ್ರದ ಹಿಂಬದಿಯಲ್ಲಿ ಎಂಟು ಹೆಸರುಗಳಿವೆ.

ಆದುದರಿಂದ ಓದುಗ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಊಟದ ಚಿತ್ರ ತೆಗೆಯಿರಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಎರಡು ಹೆಜ್ಜೆ ಹಿಂದೆ ಸರಿದು ತೆಗೆಯಿರಿ. ಬಡಿಸಿದವರ ಹೆಸರು ಕೇಳಿ ಬರೆದಿಡಿರಿ. ರೊಟ್ಟಿ ಮಾತ್ರ ಬಿಸಿಯಿರುವಾಗಲೇ ತಿನ್ನಿರಿ.