ಹೈಪ್ ಮ್ಯಾನ್

ಹಿಪ್-ಹಾಪ್ ವೇದಿಕೆಯಲ್ಲಿ ಮುಖ್ಯ ಗಾಯಕನ ಪಕ್ಕ ನಿಂತು, ಸಾಲಿನ ಕೊನೆಯ ಪದಕ್ಕೆ ದನಿಗೂಡಿಸಿ, ಅವನು ಉಸಿರೆಳೆದುಕೊಳ್ಳುವಷ್ಟರಲ್ಲಿ ಜನರನ್ನು ಹುರಿದುಂಬಿಸುವವನೇ ಹೈಪ್ ಮ್ಯಾನ್. ‘ಹೈಪ್’ 20ನೇ ಶತಮಾನದ ಆರಂಭದ ಅಮೆರಿಕದ ಆಡುಮಾತು. ಮೊದಲು ಚಿಲ್ಲರೆ ಕೊಡುವಾಗ ಮಾಡುವ ಮೋಸಕ್ಕೆ ಈ ಹೆಸರಿತ್ತು. ಬಳಿಕ ಅಬ್ಬರದ ಪ್ರಚಾರ ಎಂಬ ಅರ್ಥ ಬಂತು. ಹಿಪ್-ಹಾಪ್ ಅದನ್ನು ಗೌರವದ ಹುದ್ದೆಯಾಗಿಸಿತು.

1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ ಕೌಬಾಯ್ ಸಭಿಕರನ್ನು ಕೂಗಿಸುತ್ತಿದ್ದ. ಪಬ್ಲಿಕ್ ಎನಿಮಿ ತಂಡದ ಫ್ಲೇವರ್ ಫ್ಲೇವ್ ಕೊರಳಿಗೆ ದೊಡ್ಡ ಗಡಿಯಾರ ತೂಗುಹಾಕಿಕೊಂಡು ಈ ಕೆಲಸಕ್ಕೆ ಹೆಸರು ತಂದ. ರ‍್ಯಾಪರ್ ಎಮಿನೆಮ್‌ನ ಹಳೆಯ ಗೆಳೆಯ, ಹೈಪ್ ಮ್ಯಾನ್ ಪ್ರೂಫ್ 2006ರ ಏಪ್ರಿಲ್ 11ರಂದು ಡೆಟ್ರಾಯಿಟ್‌ನ ಕ್ಲಬ್ಬೊಂದರಲ್ಲಿ ಗುಂಡೇಟಿಗೆ ಬಲಿಯಾದ. ಆಗ ವಯಸ್ಸು 32. ಮುಂದೆ ಆ ಜಾಗದಲ್ಲಿ ನಿಂತವನು ಪ್ರೂಫ್ ಇದ್ದ ಡಿ12 ತಂಡದವನೇ ಆದ ಡೆನಾನ್ ಪೋರ್ಟರ್.