ಬಂಡಿ ಏರಿದ ಪೇಟಿ

ಅಪ್ಪನ ಕಾಲುಪೇಟಿ, ಅಂದರೆ ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ, ಗದಗಿನ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿದೆ. ಮಡಚಿಟ್ಟಾಗ ನೋಡಿದವರು ಅದನ್ನು ಬಟ್ಟೆಯ ಟ್ರಂಕು ಅಂದುಕೊಳ್ಳುತ್ತಾರೆ. ಎರಡು ಪಕ್ಕಕ್ಕೆ ಹಿತ್ತಾಳೆಯ ಹಿಡಿಕೆ, ಮೂಲೆಗಳಿಗೆ ತಗಡಿನ ಪಟ್ಟಿ, ಮುಚ್ಚಳದ ಮೇಲೆ ಬಂಡಿಯ ಹಗ್ಗ ಉಜ್ಜಿ ಉಜ್ಜಿ ಬಿದ್ದ ಎರಡು ಗೀರು. ಕೊಂಡಿ ಬಿಚ್ಚಿ ಮೇಲಿನ ಪೆಟ್ಟಿಗೆ ಎತ್ತಿದರೆ ಕಾಲುಗಳು ನೆಟ್ಟಗಾಗುತ್ತವೆ, ನಡುವೆ ತಿದಿ ಬಿಚ್ಚಿಕೊಳ್ಳುತ್ತದೆ, ಪೆಡಲು ನೆಲಕ್ಕೆ ಇಳಿಯುತ್ತದೆ. ಅಪ್ಪ ಇದನ್ನು ಕತ್ತಲಲ್ಲೂ ಹೂಡುತ್ತಿದ್ದರು. ಕಂಪನಿ ನಾಟಕದಲ್ಲಿ ಪೇಟಿ ಮಾಸ್ತರಾಗಿ ಮೂವತ್ತು ವರ್ಷ ತಿರುಗಿದವರಿಗೆ ಅದಕ್ಕೆ ದೀಪ ಬೇಕಾಗಿರಲಿಲ್ಲ.

ನಾನು ಪೇಟಿ ನುಡಿಸುವವನಲ್ಲ, ರಿಪೇರಿ ಮಾಡುವವನು. ಬಂದ ಪೇಟಿಯ ಹೊಟ್ಟೆ ಬಿಚ್ಚಿದರೆ ಅದು ಎಲ್ಲೆಲ್ಲಿ ತಿರುಗಿದೆ ಎಂಬುದು ಗೊತ್ತಾಗುತ್ತದೆ. ಮಲೆನಾಡಿನಿಂದ ಬಂದದ್ದರ ಹಲಗೆ ಥಂಡಿಗೆ ಉಬ್ಬಿ, ಬೆರಳಿಂದ ಒತ್ತುವ ಮನೆಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ನಮ್ಮ ಬಯಲುಸೀಮೆಯದಾದರೆ ಸ್ವರದ ಪಟ್ಟಿಯ ಸಂದಿಯಲ್ಲಿ ಎರೆಮಣ್ಣಿನ ಧೂಳು. ಅಪ್ಪನ ಪೇಟಿಯಲ್ಲಿ ಎರಡೂ ಇದ್ದವು.

ಈ ವಾದ್ಯ ನಮ್ಮದಲ್ಲ, ನಿಜ. 1840ರ ದಶಕದ ಆರಂಭದಲ್ಲಿ ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬ್ಯಾಂ ಇದಕ್ಕೆ ಹಾರ್ಮೋನಿಯಂ ಎಂದು ಹೆಸರಿಟ್ಟು ಪೇಟೆಂಟು ಪಡೆದ. ಪಾದ್ರಿಗಳ ಜೊತೆ, ಗೋರಾ ಸಾಹೇಬರ ಮನೆಗಳ ಸಾಮಾನಿನ ಜೊತೆ ಅದು ಹಡಗು ಏರಿ ಬಂತು. ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಗಾಳಿ ತುಂಬಿ ಎರಡೂ ಕೈಯಿಂದ ಬಾರಿಸುವ ವಾದ್ಯ. ನಮ್ಮವರು ಕೂರುವುದು ಚಾಪೆಯ ಮೇಲೆ. ನಮ್ಮ ಹಾಡಿಗೆ ಒಂದು ಕೈ ಸಾಕು, ಒಮ್ಮೆಗೆ ಒಂದೇ ಸ್ವರ ನಡೆದರೆ ಆಯಿತು. ಇದನ್ನು ಕಂಡುಕೊಂಡವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. 1875ರಲ್ಲಿ ಶುರುವಾದ ಅವರ ದ್ವಾರ್ಕಿನ್ ಅಂಗಡಿಯಿಂದ, ತಿದಿಯನ್ನು ಹಿಂಬದಿಗೆ ತಂದು ಎಡಗೈಯಿಂದ ಒತ್ತುವ ಕೈಪೇಟಿ ಹೊರಬಂತು. ಭಜನೆಯವರು, ಕೀರ್ತನೆಯವರು, ಸಣ್ಣಾಟದವರು ಅದನ್ನು ಎತ್ತಿಕೊಂಡರು. ನಾಟಕ ಕಂಪನಿಗಳು ಮಾತ್ರ ಬಹಳ ಕಾಲ ಕಾಲುಪೇಟಿ ಬಿಡಲಿಲ್ಲ. ಪೇಟಿ ಮಾಸ್ತರ ರಂಗದ ಮುಂದೆ, ಒಂದು ಬದಿಗೆ ಕುಳಿತು ನಟನ ಮುಖ ನೋಡುತ್ತ ಬಾರಿಸಬೇಕು. ಎರಡೂ ಕೈ ಬಿಡುವಾಗಿದ್ದರೆ ಒಂದರಲ್ಲಿ ಹಾಡು, ಇನ್ನೊಂದರಲ್ಲಿ ಆಧಾರ ಸ್ವರ.

ತಿರುಗುವವರಿಗೆ ಪೇಟಿಯೇ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಬಂಡಿಯಲ್ಲಿದೆ. ತಂಬೂರಿಯ ಬುರುಡೆ ಹಳ್ಳ ದಾಟುವಾಗಿನ ಒಂದು ಏಟಿಗೆ ಸೀಳುತ್ತದೆ. ಸಾರಂಗಿಯ ನರದ ತಂತಿ ಇಬ್ಬನಿಗೆ ಸಡಿಲಾಗುತ್ತದೆ. ಪರದೆ, ಸೀನರಿ, ಅಡುಗೆಯ ಹಂಡೆ, ಮಕ್ಕಳು ಮರಿ ಎಲ್ಲ ಹೇರಿಕೊಂಡು ಸಂಜೆ ಹೊತ್ತಿಗೆ ಊರು ಮುಟ್ಟಿ, ರಾತ್ರಿ ಹತ್ತಕ್ಕೆ ನಾಂದಿ ಹಾಡಬೇಕಾದವರಿಗೆ ಶ್ರುತಿ ಕೂಡಿಸುತ್ತ ಕೂರುವ ಪುರಸೊತ್ತಿಲ್ಲ. ಪೇಟಿಯಾದರೆ ಮುಚ್ಚಳ ತೆರೆದ ಗಳಿಗೆಯಲ್ಲಿ ಸಿದ್ಧ. ಮೈಕಿಲ್ಲದ ಕಾಲದಲ್ಲಿ ತಗಡಿನ ಥಿಯೇಟರಿನ ಹಿಂದಿನ ಸಾಲಿಗೂ ಅದರ ದನಿ ಮುಟ್ಟುತ್ತಿತ್ತು.

ಹೀಗೆ ತಿರುಗಿದ ಕಂಪನಿಗಳು ಹಲವು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ‘ಶಾಕುಂತಲ’ದಿಂದ ದಾರಿ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅತ್ತ 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಆಮೇಲೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘ, ಹೀಗೆ ಸಾಲು ಬೆಳೆಯಿತು. ಮಾಲಕರ ಹೆಸರು, ನಟರ ಹೆಸರು ಪುಸ್ತಕಗಳಲ್ಲಿವೆ. ಪೇಟಿ ಮಾಸ್ತರರ ಹೆಸರು ಹುಡುಕಿ ನೋಡಿ, ಹ್ಯಾಂಡ್‌ಬಿಲ್ಲಿನ ಕೆಳಗಿನ ಸಾಲಿನಲ್ಲೂ ಸಿಗುವುದು ಅಪರೂಪ. ನನ್ನ ಸಂಕಟ ಇದು. ಬೆಳಿಗ್ಗೆ ಬಾಲನಟರನ್ನು ಕೂರಿಸಿಕೊಂಡು ಹಾಡು ಕಲಿಸುತ್ತಿದ್ದವರು ಅವರು. ಮರಾಠಿ ಪದದ ಮಟ್ಟಿಗೆ ಕನ್ನಡದ ಮಾತು ಕೂಡಿಸಿದ್ದು, ಭೀಮಪಲಾಸಿಗೂ ಬಾಗೇಶ್ರಿಗೂ ಇರುವ ಅಂತರವನ್ನು ಅಕ್ಷರ ಬಾರದ ಹುಡುಗರಿಗೆ ತಿಳಿಸಿದ್ದು ಅವರೇ. ಒಕ್ಕಲುತನದ ಮನೆಗಳ ಜನ ಹಂತಿಯ ಹೊತ್ತಿನಲ್ಲಿ ನಾಟಕದ ಪದ ಗುನುಗುತ್ತಿದ್ದರಲ್ಲ, ಆ ರಾಗ ಊರು ಹೊಕ್ಕದ್ದು ಈ ಪೆಟ್ಟಿಗೆಯಿಂದ.

ಅಪ್ಪನ ಒಂದು ವಹಿ ಉಳಿದಿದೆ. ಕೆಂಪು ಬಟ್ಟೆಯ ರಟ್ಟು, ಪುಟಗಳಿಗೆ ಎಣ್ಣೆಯ ಕಲೆ. ಪ್ರತಿ ಪದದ ಮೇಲೆ ರಾಗ, ತಾಳ, ಮಟ್ಟು. ಅಂಚಿನಲ್ಲಿ ಪಾತ್ರದ ಹೆಸರು, ಅದರ ಮುಂದೆ ‘ಕರಿ 3’, ‘ಬಿಳಿ 4’, ‘ಕರಿ 4’. ಅದು ಆ ನಟನ ಶ್ರುತಿ, ಪೇಟಿಯ ಎಷ್ಟನೆಯ ಕರಿ ಅಥವಾ ಬಿಳಿ ಮನೆ ಅವನ ಷಡ್ಜ ಎಂಬುದು. ಸ್ತ್ರೀಪಾರ್ಟಿನ ಹುಡುಗನ ಹೆಸರಿನ ಮುಂದೆ ಮೊದಲು ‘ಕರಿ 4’ ಇದ್ದದ್ದು ಹೊಡೆದುಹೋಗಿ ‘ಕರಿ 2’ ಆಗಿದೆ. ಹುಡುಗನ ದನಿ ಒಡೆದ ವರ್ಷ ಅದು. ಆ ಒಂದು ಗೆರೆ ನೋಡಿದಾಗ ನನಗೆ ಇಡೀ ಕಂಪನಿ ಕಾಣುತ್ತದೆ. ದನಿ ಒಡೆದ ಹುಡುಗ ಸೀರೆ ಬಿಚ್ಚಿಟ್ಟು ಪರದೆ ಎಳೆಯಲು ಹೋದನೋ, ಮೀಸೆ ಅಂಟಿಸಿಕೊಂಡು ರಾಜನಾದನೋ, ವಹಿಯಲ್ಲಿಲ್ಲ.

ಸ್ವರ ಕೂಡಿಸುವುದನ್ನು ಅಪ್ಪ ನನಗೆ ಕಲಿಸಿದ್ದು ಈ ಪೇಟಿಯ ಮೇಲೆಯೇ. ಸ್ವರ ಎಂದರೆ ಹಿತ್ತಾಳೆಯ ಪಟ್ಟಿಗೆ ಒಂದೇ ತುದಿಯಲ್ಲಿ ಬಿಗಿದ ತೆಳು ನಾಲಿಗೆ. ಗಾಳಿ ಬಂದಾಗ ಅದು ಅದುರುತ್ತದೆ. ತುದಿಯನ್ನು ಕೂದಲೆಳೆಯಷ್ಟು ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಖರ್ಜ-ನರ, ಅಂದರೆ ದಪ್ಪ ದನಿಯ ಮತ್ತು ನಡುದನಿಯ ಸ್ವರಗಳ ಜೋಡಿಯಲ್ಲಿ ಎರಡೂ ಒಂದೇ ಉಸಿರಿನಲ್ಲಿ ಕೂಡಬೇಕು. ಕೂಡದಿದ್ದರೆ ದನಿ ತೊನೆಯುತ್ತದೆ. ಹದಿನಾಲ್ಕರ ವಯಸ್ಸಿನಲ್ಲಿ ನಾನು ಅವಸರಕ್ಕೆ ಒಂದು ಗಾಂಧಾರವನ್ನು ಬುಡದಲ್ಲಿ ಹೆಚ್ಚು ಕೆರೆದುಬಿಟ್ಟೆ. ವಾರದೊಳಗೆ ನಾಲಿಗೆ ಮುರಿಯಿತು. ಅಪ್ಪ ಬೈಯಲಿಲ್ಲ. ಮುಂದೆ ಯಾವುದೋ ಸ್ವರ ಮೂಕಾದಾಗ ನಾನು ಅರ ಹಿಡಿದದ್ದನ್ನು ಕಂಡು, ‘ತಡಿ, ಸ್ವರ ಸತ್ತಿಲ್ಲ, ಧೂಳ ಕುಂತೈತಿ’ ಎಂದು ಬೀಡಿಕಟ್ಟಿನ ಕಾಗದದ ಚೂರೊಂದನ್ನು ನಾಲಿಗೆಯ ಅಡಿ ತೂರಿಸಿ ಮೆಲ್ಲಗೆ ಎಳೆದರು. ಸ್ವರ ಮಾತಾಡಿತು. ಇವತ್ತಿಗೂ ಯಾರದೇ ಪೇಟಿ ಬಂದರೂ ನನ್ನ ಕೈಗೆ ಮೊದಲು ಬರುವುದು ಕಾಗದದ ಚೂರು, ಅರ ಆಮೇಲೆ. ಹೊಸ ಸ್ವರ ಬೇಕಾದರೆ ಗುಜರಾತಿನ ಪಾಲಿಟಾಣಾದ ಸ್ವರವನ್ನೇ ತರಿಸುತ್ತೇನೆ, ಪೇಟಿಯವರಲ್ಲಿ ಆ ಊರಿನ ಹೆಸರು ದೊಡ್ಡದು.

ಪೇಟಿಯ ಮೇಲೆ ದೊಡ್ಡವರ ಸಿಟ್ಟೂ ಇತ್ತು. ಮನೆಯಿಂದ ಮನೆಗೆ ಸ್ವರ ಜಿಗಿಯುತ್ತದೆ, ಜಾರುವುದಿಲ್ಲ, ಮೀಂಡಿಲ್ಲ, ಗಮಕವಿಲ್ಲ, ಹನ್ನೆರಡು ಸಮಪಾಲಿನ ಸ್ವರಗಳಲ್ಲಿ ನಮ್ಮ ಶ್ರುತಿಗಳು ಹಿಡಿಸುವುದಿಲ್ಲ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಎರ್ನೆಸ್ಟ್ ಕ್ಲೆಮೆಂಟ್ಸ್ ಎಂಬ ಐಸಿಎಸ್ ಅಧಿಕಾರಿಯ ಜೊತೆ ಸೇರಿ 22 ಶ್ರುತಿಗಳ ಪೇಟಿಯನ್ನೇ ಮಾಡಿಸಿದರು. 1916ರ ಬರೋಡಾದ ಸಂಗೀತ ಪರಿಷತ್ತಿನಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ರವೀಂದ್ರನಾಥ ಠಾಕೂರರೂ ಹಾರ್ಮೋನಿಯಂ ಬೇಡವೆಂದವರು. 1940ರ ಮಾರ್ಚಿನಿಂದ ಆಕಾಶವಾಣಿ ಅದನ್ನು ಹೊರಗಿಟ್ಟಿತು; ಬಾಗಿಲು ಮತ್ತೆ ತೆರೆದದ್ದು 1971ರ ಹೊತ್ತಿಗೆ. ಧಾರವಾಡದಲ್ಲಿ ಕೇಂದ್ರ ಶುರುವಾದದ್ದು 1950ರಲ್ಲಿ. ಹಾಗಾಗಿ ಪೇಟಿಯ ತವರಿನಂತಿದ್ದ ಈ ಸೀಮೆಯ ಬಾನುಲಿಯಲ್ಲೇ ಎರಡು ದಶಕ ಪೇಟಿಯಿಲ್ಲ.

ಅವರ ಆಕ್ಷೇಪ ಸುಳ್ಳಲ್ಲ. ದರ್ಬಾರಿಯ ಗಾಂಧಾರ ಯಾವ ಮನೆಯಲ್ಲೂ ಇಲ್ಲ, ಅದು ಎರಡು ಮನೆಗಳ ನಡುವಿನ ಓಣಿಯಲ್ಲಿದೆ. ಆದರೆ ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ್ದ ರಾಮಭಾವು ಬಿಜಾಪುರೆಯವರು ನುಡಿಸಿದ್ದನ್ನು ಕೇಳಿದವರಿಗೆ, ತಿದಿಯ ಒತ್ತನ್ನು ಹದ ಮಾಡಿ ಬೆರಳನ್ನು ಸರಿಸುತ್ತ ಆ ಓಣಿಯ ಭಾಸವನ್ನಾದರೂ ತರಬಹುದು ಎಂಬುದು ಗೊತ್ತು. ಆಕ್ಷೇಪಿಸಿದವರು ಒಂದೇ ಕಡೆ ಕುಳಿತು ಕೇಳುವ ಸಂಗೀತವನ್ನು ಲೆಕ್ಕ ಹಿಡಿದರು, ನಡೆದುಹೋಗುವ ಸಂಗೀತವನ್ನು ಹಿಡಿಯಲಿಲ್ಲ ಎಂದೇ ನನ್ನ ಅನಿಸಿಕೆ.

ನಮ್ಮ ಊರಿನ ವೀರೇಶ್ವರ ಪುಣ್ಯಾಶ್ರಮವನ್ನೇ ತೆಗೆದುಕೊಳ್ಳಿ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು 1914ರಲ್ಲಿ ಶುರುಮಾಡಿದಾಗ ಅದು ಸಂಚಾರಿ ಪಾಠಶಾಲೆ. ಕಣ್ಣಿಲ್ಲದ ಗುರು, ಕಣ್ಣಿಲ್ಲದ ಶಿಷ್ಯರು, ಊರಿಂದೂರಿಗೆ ಪಯಣ. ಗದಗಿನಲ್ಲಿ ನೆಲೆ ನಿಂತದ್ದು 1942ರಲ್ಲಿ. ಮುಂದೆ ಪುಟ್ಟರಾಜ ಗವಾಯಿಗಳು ಆಶ್ರಮದ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು. ಕಣ್ಣಿಲ್ಲದ ಹುಡುಗನ ಕೈಗೆ ಪೇಟಿ ಕೊಟ್ಟರೆ ಎರಡು ಕರಿ, ಮೂರು ಕರಿಯ ಗುಂಪನ್ನು ಬೆರಳು ತಾನೇ ಗುರುತಿಸುತ್ತದೆ. ಷಡ್ಜ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ.

ಕಾಲುಪೇಟಿ ಮೂಲೆ ಸೇರಿದ್ದು ಕ್ಯಾಸಿಯೊ ಬಂದ ಮೇಲೆ. 1980ರಲ್ಲಿ ಜಪಾನಿನ ಆ ಕಂಪನಿ ಮೊದಲ ಕ್ಯಾಸಿಯೊಟೋನ್ ತಂದಿತು. ನಮ್ಮ ಕಡೆ ಇವತ್ತಿಗೂ ಯಾವ ಕಂಪನಿಯ ಕೀಬೋರ್ಡಾದರೂ ಅದು ಕ್ಯಾಸಿಯೊನೇ. ಹಗುರ, ಬಸ್ಸಿನ ಸೀಟಿನ ಮೇಲೆ ಹಿಡಿಸುತ್ತದೆ, ಕೊಳಲು ಶಹನಾಯಿ ಎಲ್ಲ ಒಳಗೇ ಇವೆ. ನಾನು ಅದನ್ನು ದೂರುವುದಿಲ್ಲ. ಬಂಡಿಗೆ ಪೇಟಿ ಹೇಗೋ ಬಸ್ಸಿಗೆ ಅದು ಹಾಗೆ.

ಹೋದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿದ್ದೆ. ಅಲ್ಲಿ ಇನ್ನೂ ನಾಟಕ ಕಂಪನಿಗಳು ಟೆಂಟು ಹಾಕುತ್ತವೆ. ಒಂದು ಕಂಪನಿಯ ಕೀಬೋರ್ಡಿನ ಹುಡುಗನಿಗೆ ಅಪ್ಪನ ವಹಿ ತೋರಿಸಿದೆ. ಆಟ ಶುರುವಾಗಲು ಇನ್ನೂ ಹೊತ್ತಿತ್ತು. ಒಂದು ಹಳೆಯ ಪದ ಆರಿಸಿದ, ನಾನು ಮಟ್ಟು ಗುನುಗಿ ತೋರಿಸಿದೆ, ಅಂಚಿನಲ್ಲಿದ್ದ ‘ಕರಿ 3’ ನೋಡಿ ಅಲ್ಲಿಂದಲೇ ಹಿಡಿದ. ಎರಡು ಸಾಲು ನುಡಿಸಿ ನಿಲ್ಲಿಸಿದ.

‘ಕಾಕಾ, ಭಾಳ ಮ್ಯಾಲ ಆತ್ರಿ. ಈಗ ಮೈಕ್ ಅದಾವ, ನಮ್ಮ ಹೀರೊ ಕರಿ ಒಂದರಾಗ ಹಾಡ್ತಾರ.’

ಬೆರಳುಗಳನ್ನು ಕರಿ ಮೂರರ ಮೇಲೆಯೇ ಇಟ್ಟುಕೊಂಡು, ಎಡಗೈಯಿಂದ ಟ್ರಾನ್ಸ್‌ಪೋಸ್ ಗುಂಡಿಯನ್ನು ಐದು ಸಲ ಕೆಳಗೆ ಒತ್ತಿದ. ಅದೇ ಪದ, ಅದೇ ಮನೆಗಳು, ದನಿ ಮಾತ್ರ ಕೆಳಗೆ. ಅಷ್ಟರಲ್ಲಿ ಮೇಕಪ್ಪಿನಲ್ಲಿದ್ದ ಹೀರೊ ಬಣ್ಣದ ಮುಖದಲ್ಲೇ ಹೊರಬಂದು, ‘ಯಾವ ನಾಟಕದ್ದೋ ಇದು? ಇನ್ನೊಮ್ಮಿ ಹಾಕು’ ಎಂದ. ವಹಿಯ ಪುಟ ಗಾಳಿಗೆ ಮಗುಚದಂತೆ ನಾನು ಕೈಯಿಟ್ಟು ಹಿಡಿದುಕೊಂಡೆ.