ವಕೀಲರಿಲ್ಲದೆ ಪೇಟೆಂಟ್ ಅರ್ಜಿ

ಕರಾರುವಾಕ್ಕಾಗಿ ಬರೆಯಲು ಅತಿ ಕಷ್ಟವಾದ ಕಾನೂನು ಪತ್ರಗಳಲ್ಲಿ ಪೇಟೆಂಟ್ ದಾಖಲೆಯೂ ಒಂದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1892ರಲ್ಲೇ ಹೇಳಿತ್ತು. ಬೆಂಗಳೂರಿನಲ್ಲಿ ಪೇಟೆಂಟ್ ಏಜೆಂಟಳಾಗಿ ದಿನವೂ ಇದನ್ನೇ ಬರೆಯುವ ನನಗೆ ಆ ಮಾತು ಹೆಚ್ಚಾಯಿತು ಅನ್ನಿಸುವುದಿಲ್ಲ. ಯಂತ್ರ ಕಟ್ಟಿದವರು ಅದರ ಒಂದೊಂದು ಭಾಗವನ್ನೂ ಬಿಡಿಸಿ ಹೇಳಬಲ್ಲರು. ಅವರು ತಡವರಿಸುವುದು ಕ್ಲೈಮ್ ಬರೆಯುವಾಗ.

ಯಾವುದರ ಮೇಲೆ ನನ್ನ ಹಕ್ಕು ಎಂದು ಒಂದೇ ವಾಕ್ಯದಲ್ಲಿ ಹೇಳುವುದೇ ಕ್ಲೈಮ್. ಮಲೆನಾಡಿನವರೊಬ್ಬರು ಅಡಿಕೆ ಸುಲಿಯುವ ಹೊಸ ಯಂತ್ರ ಮಾಡಿದ್ದಾರೆ ಎಂದುಕೊಳ್ಳಿ. ‘ಎರಡು ಇಂಚಿನ ಸ್ಟೀಲ್ ಬ್ಲೇಡ್ ಇರುವ ಯಂತ್ರ’ ಎಂದು ಬರೆದರೆ, ಪಕ್ಕದೂರಿನವರು ಮೂರು ಇಂಚಿನ ಬ್ಲೇಡ್ ಹಾಕಿ ಮಾರಿದಾಗ ಕೇಳುವುದು ಕಷ್ಟ. ‘ಅಡಿಕೆ ಸಿಪ್ಪೆ ಬಿಡಿಸುವ ಯಂತ್ರ’ ಎಂದಷ್ಟೇ ಬರೆದರೆ, ಅಂಥದ್ದು ಮೊದಲೇ ಇದೆಯೆಂದು ಪರೀಕ್ಷಕರು ತಳ್ಳಿಹಾಕುತ್ತಾರೆ. ಇವೆರಡರ ನಡುವೆ ಸರಿಯಾದ ಜಾಗ ಹುಡುಕಲೆಂದೇ ಜನ ನಮಗೆ ದುಡ್ಡು ಕೊಡುವುದು.

ಅಮೆರಿಕದಲ್ಲಿ ಈ ಕಸುಬು ಬೆಳೆದದ್ದು 19ನೇ ಶತಮಾನದಲ್ಲಿ. 1846ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯನ್ನು ಕೊಂಡ ಆರ್ಸನ್ ಮನ್ ಮತ್ತು ಆಲ್ಫ್ರೆಡ್ ಬೀಚ್ ಜೊತೆಗೇ ಪೇಟೆಂಟ್ ಏಜೆನ್ಸಿಯನ್ನೂ ತೆರೆದರು. ಹೊಸ ಯಂತ್ರಗಳ ಸುದ್ದಿ ಓದಲು ಬಂದವರೇ ಗಿರಾಕಿಗಳಾದರು.

ಈ ಕಸುಬನ್ನು ಸಂಶೋಧಕರ ಕೈಗೇ ಕೊಡಲು ಗಟ್ಟಿಯಾಗಿ ಯತ್ನಿಸಿದವರು ಡೇವಿಡ್ ಪ್ರೆಸ್‌ಮನ್. ಪೇಟೆಂಟ್ ಆಫೀಸಿನಲ್ಲಿ ಪರೀಕ್ಷಕರಾಗಿದ್ದು ಆಮೇಲೆ ವಕೀಲರಾದವರು ಅವರು. ಮೇಜಿನ ಎರಡೂ ಬದಿ ಕಂಡಿದ್ದರು. ಅವರ ‘ಪೇಟೆಂಟ್ ಇಟ್ ಯುವರ್‌ಸೆಲ್ಫ್’ 1979ರಲ್ಲಿ ಮೊದಲು ಹೊರಬಂತು. ಜನಸಾಮಾನ್ಯರಿಗೆ ಕಾನೂನು ಪುಸ್ತಕ ಪ್ರಕಟಿಸುತ್ತಿದ್ದ ಬರ್ಕ್ಲಿಯ ನೋಲೊ ಪ್ರೆಸ್ ಆಮೇಲೆ ಅದನ್ನು ಆವೃತ್ತಿಯ ಮೇಲೆ ಆವೃತ್ತಿಯಾಗಿ ತಂದಿತು. 1990ರ ದಶಕದಲ್ಲಿ ಅದೇ ಪುಸ್ತಕ ವಿಂಡೋಸ್ ಸಾಫ್ಟ್‌ವೇರ್ ಕೂಡ ಆಯಿತು. ನಮ್ಮ ಕಸುಬಿನ ಗುಟ್ಟನ್ನು ಇಷ್ಟು ಧಾರಾಳವಾಗಿ ಹೊರಗಿಟ್ಟದ್ದಕ್ಕೆ ನಾನು ಅವರನ್ನು ಗೌರವಿಸುತ್ತೇನೆ.

1995ರ ಜೂನ್ 8ರಿಂದ ಅಮೆರಿಕದಲ್ಲಿ ಪ್ರೊವಿಷನಲ್ ಅರ್ಜಿ ಜಾರಿಗೆ ಬಂತು. ಅದಕ್ಕೆ ಕ್ಲೈಮ್ ಬೇಕಿಲ್ಲ. ವಿವರ ಬರೆದು ಸಲ್ಲಿಸಿದರೆ ಅಂದಿನ ತಾರೀಕು ನಿಮ್ಮದಾಗುತ್ತದೆ, ಪೂರ್ಣ ಅರ್ಜಿಗೆ 12 ತಿಂಗಳು ಸಿಗುತ್ತದೆ. ಸಾಫ್ಟ್‌ವೇರಿಗೆ ಹೇಳಿ ಮಾಡಿಸಿದ ಕೆಲಸವಿದು. ಪೇಟೆಂಟ್ ವಕೀಲರೊಬ್ಬರೇ ರೂಪಿಸಿದ ‘ಪೇಟೆಂಟ್‌ವಿಝಾರ್ಡ್’ ಹಿಡಿದದ್ದು ಇದೇ ದಾರಿ. ಪ್ರಶ್ನೆ ಕೇಳುವುದು, ಬಂದ ಉತ್ತರವನ್ನು ಅರ್ಜಿಯ ಆಯಾ ಭಾಗಕ್ಕೆ ಜೋಡಿಸುವುದು. ನನ್ನ ಮಟ್ಟಿಗೆ ಇದರ ದೊಡ್ಡ ಲಾಭ ಉಳಿದ ದುಡ್ಡಲ್ಲ. ಉತ್ತರ ಬರೆಯುತ್ತಾ ಹೋದಂತೆ ತನ್ನ ಯಂತ್ರದಲ್ಲಿ ನಿಜವಾಗಿ ಹೊಸದೇನು ಎಂಬುದು ಮಾಡಿದವರಿಗೇ ಹೊಳೆಯುತ್ತದೆ. ಹಾಗೆ ತಯಾರಾಗಿ ಬಂದವರೊಂದಿಗೆ ಕೂತು ಕ್ಲೈಮ್ ಬರೆಯುವುದು ನನಗೂ ಸುಲಭ.

ಕ್ಲೈಮ್ ಮಾತ್ರ ಸಾಫ್ಟ್‌ವೇರಿಗೂ ಸುಲಭಕ್ಕೆ ಬಗ್ಗಲಿಲ್ಲ. ವಕೀಲರಿಲ್ಲದೆ ಬಂದ ಅರ್ಜಿಯಲ್ಲಿ ಪೇಟೆಂಟಿಗೆ ಅರ್ಹವಾದ ವಿಷಯ ಕಂಡರೆ, ಪರೀಕ್ಷಕರೇ ಒಂದೆರಡು ಕ್ಲೈಮ್ ಬರೆದು ತೋರಿಸಬೇಕು ಎಂದು ಅಮೆರಿಕದ ಪೇಟೆಂಟ್ ಆಫೀಸಿನ ಕೈಪಿಡಿ ಹೇಳುತ್ತದೆ. ಎಷ್ಟು ಮಾನವೀಯವಾದ ನಿಯಮ!

ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. ಅದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕೆಂಬುದು 2003ರ ನಿಯಮ. ಕ್ಲೈಮ್‌ಗೆ ಮೊದಲೇ, ವಿವರಣೆ ಬರೆಯುವಲ್ಲೇ ನಮ್ಮ ರೈತರು, ವರ್ಕ್‌ಶಾಪಿನವರು ನಿಂತುಬಿಡುತ್ತಾರೆ. ಕನ್ನಡದಲ್ಲಿ ಕೇಳಿ, ಕನ್ನಡದ ಉತ್ತರವನ್ನು ಇಂಗ್ಲಿಷ್ ಕರಡಾಗಿಸುವ ಸಾಫ್ಟ್‌ವೇರ್ ಅವರ ಕೈಗೆ ಬರಬೇಕು. ನಮ್ಮಲ್ಲೂ ಪ್ರೊವಿಷನಲ್ ಅರ್ಜಿಗೆ ಕ್ಲೈಮ್ ಬೇಡ, ಪೂರ್ಣ ವಿವರಣೆಗೆ 12 ತಿಂಗಳ ಅವಕಾಶವಿದೆ. ಅಲ್ಲಿಂದಲೇ ಶುರು ಮಾಡಬಹುದು.